ಸ್ಲೈಡುಗಳ ಕುರಿತ ಪ್ರಶ್ನೋತ್ತರ: ಕನ್ನಡ ಅಕ್ಷರ, ಪ್ರೊಜೆಕ್ಟರ್ ಮತ್ತು ಹಿಂದಿನ ಸಾಲಿನಲ್ಲಿ ಕುಳಿತವರು

ನಿರ್ವಾಹಕರು: ಶಾಲೆ, ಇಲಾಖೆ ಮತ್ತು ತರಬೇತಿ ಕೇಂದ್ರಗಳಿಗೆ ಕನ್ನಡದಲ್ಲಿ ಸ್ಲೈಡುಗಳನ್ನು ಸಿದ್ಧಪಡಿಸಿಕೊಡುವ ವಿನ್ಯಾಸಕಿಯೊಬ್ಬರು ಇಂದು ಸಂಜೆ ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಒಬ್ಬರು ಒಂದೇ ಪ್ರಶ್ನೆ ಕೇಳಿರಿ.

ಪ್ರೌಢಶಾಲಾ ಶಿಕ್ಷಕರು: ನಮಸ್ಕಾರ ಮೇಡಂ. ಮನೆಯ ಲ್ಯಾಪ್‌ಟಾಪಿನಲ್ಲಿ ಮಾಡಿದ ಸ್ಲೈಡು ಶಾಲೆಯ ಪ್ರೊಜೆಕ್ಟರಿನಲ್ಲಿ ಚಿಕ್ಕದಾಗಿ ಮೂಡಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿಯುತ್ತದೆ. ಏನು ಮಾಡಬೇಕು?

ವಿನ್ಯಾಸಕಿ: ನಮಸ್ಕಾರ ಸರ್. ಪವರ್‌ಪಾಯಿಂಟ್ 2013ರ ಆವೃತ್ತಿಯಿಂದ ಹೊಸ ಸ್ಲೈಡಿನ ಅಳತೆ, ಅಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ, 16:9 ಆಗಿದೆ. ನಿಮ್ಮ ಶಾಲೆಯ ಪ್ರೊಜೆಕ್ಟರ್ 4:3ರದ್ದಾಗಿರಬೇಕು. ಡಿಸೈನ್ ವಿಭಾಗದ ‘ಸ್ಲೈಡ್ ಸೈಜ್’ನಲ್ಲಿ ಬದಲಾಯಿಸಿಕೊಳ್ಳಿ. ಆದರೆ ಇದನ್ನು ಮೊದಲೇ ಮಾಡಿರಿ, ಏಕೆಂದರೆ ಎಲ್ಲ ಬರೆದು ಮುಗಿಸಿದ ಮೇಲೆ ಅಳತೆ ಬದಲಿಸಿದರೆ ಚಿತ್ರಗಳೂ ಸಾಲುಗಳೂ ಸ್ಥಳ ತಪ್ಪುತ್ತವೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ: ಮೇಡಂ, ಆಶಾ ಕಾರ್ಯಕರ್ತೆಯರಿಗೆ ಮಕ್ಕಳ ಅತಿಸಾರದ ಬಗ್ಗೆ ತರಬೇತಿ ನೀಡಲು ನುಡಿ ಅಕ್ಷರಶೈಲಿಯಲ್ಲಿ ಸ್ಲೈಡುಗಳನ್ನು ಮಾಡಿಕೊಂಡು ಹೋಗಿದ್ದೆ. ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರಗಳೆಲ್ಲ ಇಂಗ್ಲಿಷಿನ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಂಡವು. ಅಂಕಿಗಳು ಮಾತ್ರ ಸರಿಯಾಗಿದ್ದವು. ಬಾಯಿಮಾತಿನಲ್ಲಿ ಹೇಗೋ ಮುಗಿಸಿದೆ. ಸೋಮವಾರ ಇನ್ನೊಂದು ತಂಡಕ್ಕೆ ತರಬೇತಿ ಇದೆ. ಸತುವಿನ ಮಾತ್ರೆಯ ಪ್ರಮಾಣವಿರುವ ಸ್ಲೈಡಿನ ಚಿತ್ರವನ್ನು ಜೊತೆಗೆ ಕಳುಹಿಸಿದ್ದೇನೆ.

ವಿನ್ಯಾಸಕಿ: ಅಮ್ಮ, ನಿಮ್ಮ ಪ್ರಶ್ನೆಗೆ ನಿಧಾನವಾಗಿ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ತಪ್ಪಿದರೆ ಅದರ ಫಲ ಒಂದು ಮಗುವಿನ ಮೈಮೇಲೆ ಬರುತ್ತದೆ. ನುಡಿಯ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿಕೊಂಡಿರುತ್ತವೆ. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರು ಅಲ್ಲಿ ಮೂಲ ಚಿಹ್ನೆಯನ್ನೇ ತೋರಿಸುತ್ತದೆ. ಅಂಕಿಗಳು ಅಂಕಿಗಳ ಸ್ಥಾನದಲ್ಲೇ ಇರುವುದರಿಂದ ಅವು ಉಳಿದುಕೊಳ್ಳುತ್ತವೆ. ನನಗೆ ಆತಂಕವಾಗಿರುವುದು ಇದೇ. ಎರಡರಿಂದ ಆರು ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದ ಮಗುವಿಗೆ 20 ಮಿಲಿಗ್ರಾಂ, ಒಟ್ಟು 14 ದಿನ ಎಂಬ ಮಾತಿನಲ್ಲಿ 2, 6, 10, 20, 14 ಎಂಬ ಅಂಕಿಗಳಷ್ಟೇ ಪರದೆಯ ಮೇಲೆ ನಿಂತು, ಯಾವುದು ತಿಂಗಳು, ಯಾವುದು ದಿನ, ಯಾವುದು ಮಿಲಿಗ್ರಾಂ ಎಂದು ಹೇಳುವ ಪದಗಳು ಅಳಿಸಿಹೋದರೆ, ಬರೆದುಕೊಳ್ಳುತ್ತಿರುವವರು ತಮಗೆ ತೋಚಿದಂತೆ ಜೋಡಿಸಿಕೊಳ್ಳುತ್ತಾರೆ.

ಆದ್ದರಿಂದ ಸೋಮವಾರದೊಳಗೆ ಮೊದಲು ನುಡಿ ತಂತ್ರಾಂಶದ ಪರಿವರ್ತಕದಿಂದ ಪಠ್ಯವನ್ನು ಯೂನಿಕೋಡಿಗೆ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸ್ಥಾನವಿರುವ ಸಂಕೇತಕ್ಕೆ, ಬದಲಾಯಿಸಿ, ಅರ್ಕಾವತ್ತು ಮತ್ತು ಒತ್ತಕ್ಷರವಿರುವ ಪದಗಳನ್ನು ಒಂದೊಂದಾಗಿ ಓದಿ ತಿದ್ದಿರಿ. ಅಕ್ಷರಶೈಲಿಯನ್ನು ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡ ಎಂದು ಇಟ್ಟುಕೊಳ್ಳಿ. ನಿರ್ಮಲಾ ವಿಂಡೋಸ್ 8ರಿಂದ ಕಂಪ್ಯೂಟರಿನ ಜೊತೆಗೇ ಬರುತ್ತದೆ. ನೋಟೋ ಬಳಸಿದರೆ ಫೈಲ್, ಆಪ್ಷನ್ಸ್, ಸೇವ್ ಎಂದು ಹೋಗಿ ಅಕ್ಷರಶೈಲಿಯನ್ನು ಫೈಲಿನೊಳಗೇ ಸೇರಿಸುವ ಆಯ್ಕೆಗೆ ಗುರುತು ಹಾಕಿರಿ. ಇವೆಲ್ಲ ಆದ ಮೇಲೂ ಒಂದು ಪಿಡಿಎಫ್ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಹೋಗಿರಿ, ಅದರಲ್ಲಿ ಅಕ್ಷರಗಳು ಕೆಡುವುದಿಲ್ಲ.

ಇನ್ನು ನೀವು ಕಳುಹಿಸಿದ ಚಿತ್ರ. ಅದರಲ್ಲಿ ‘ಅತಿಸಾರ ನಿರ್ವಹಣೆ’ ಎಂಬ ಶೀರ್ಷಿಕೆ ದೊಡ್ಡದಾಗಿದೆ, ಮಾತ್ರೆಯ ಪ್ರಮಾಣವು ನಾಲ್ಕನೆಯ ಒಳಸಾಲಿನಲ್ಲಿ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿದೆ. ಮುಖ್ಯ ಮಾತು ಹೀಗೆ ಸಣ್ಣ ಸಾಲಿನಲ್ಲಿ ಅಡಗಿದ್ದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಇದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಮರಳುವ ದಾರಿಯಲ್ಲಿ ಛಿದ್ರವಾಯಿತು. ನೌಕೆ ಮೇಲಿದ್ದಾಗಲೇ, ಉಡಾವಣೆಯ ವೇಳೆ ಇಂಧನ ಟ್ಯಾಂಕಿನ ಹೊದಿಕೆಯಿಂದ ಕಳಚಿ ರೆಕ್ಕೆಗೆ ಬಡಿದ ಗಟ್ಟಿ ನೊರೆಯ (ಫೋಮ್) ತುಂಡಿನ ಕುರಿತು ಎಂಜಿನಿಯರುಗಳು ಅಧಿಕಾರಿಗಳ ಮುಂದೆ ಸ್ಲೈಡುಗಳನ್ನಿಟ್ಟಿದ್ದರು. ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಅಂಗುಲದ್ದು, ನಿಜವಾಗಿ ಬಡಿದದ್ದು ಸುಮಾರು 1920 ಘನ ಅಂಗುಲದ್ದು, ಅಂದರೆ 640 ಪಟ್ಟು ದೊಡ್ಡದು. ಈ ಮಾತು ಸ್ಲೈಡಿನ ಕಟ್ಟಕಡೆಯ ಸಣ್ಣ ಸಾಲಿನಲ್ಲಿತ್ತು. ಅಪಘಾತದ ತನಿಖಾ ಮಂಡಳಿಯು ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡುಗಳನ್ನು ಬಳಸುವ ರೂಢಿಯನ್ನೇ ಆಕ್ಷೇಪಿಸಿತು. ನಿಮ್ಮ ಸ್ಲೈಡಿನ ಶೀರ್ಷಿಕೆಯೇ ‘ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತು, 14 ದಿನ’ ಎಂದಿರಲಿ. ಚಿಕ್ಕ ಮಕ್ಕಳ ಪ್ರಮಾಣಕ್ಕೆ ಇನ್ನೊಂದು ಸ್ಲೈಡು ಮಾಡಿರಿ. ಓಆರ್‌ಎಸ್ ಪೊಟ್ಟಣಕ್ಕೆ ಒಂದು ಲೀಟರ್ ನೀರು ಎಂಬುದು ಮೂರನೆಯದು.

ನಿವೃತ್ತ ಬ್ಯಾಂಕ್ ನೌಕರರು: ಎಲ್ಲರಿಗೂ ಉಪಯುಕ್ತವಾಗಲೆಂದು ನನಗೆ ಬಂದದ್ದನ್ನು ಹಂಚುತ್ತಿದ್ದೇನೆ. ಸಂವಹನದಲ್ಲಿ ಪದಗಳ ಪಾಲು ಕೇವಲ ಶೇ. 7, ಹಾವಭಾವ ಮತ್ತು ದನಿಯ ಪಾಲು ಶೇ. 93. ಆದ್ದರಿಂದ ಸ್ಲೈಡಿನಲ್ಲಿ ಏನಿದೆ ಎಂಬುದು ಮುಖ್ಯವಲ್ಲ. ಐದು ಸಾವಿರ ಉಚಿತ ವಿನ್ಯಾಸಗಳ ಕೊಂಡಿಯೂ ಕೆಳಗಿದೆ.

ವಿನ್ಯಾಸಕಿ: ದಯವಿಟ್ಟು ಆ ಕೊಂಡಿಯನ್ನು ಯಾರೂ ಒತ್ತಬೇಡಿ. ಎಲ್ಲಿಂದ ಬಂದದ್ದೆಂದು ತಿಳಿಯದ ಜಿಪ್ ಫೈಲನ್ನು ಇಲಾಖೆಯ ಕಂಪ್ಯೂಟರಿನಲ್ಲಿ ತೆರೆದರೆ ಮುಂದಿನ ತೊಂದರೆಗೆ ನೀವೇ ಹೊಣೆಯಾಗುತ್ತೀರಿ. ಶೇ. 93ರ ಮಾತಿನ ಮೂಲವು 1967ರಲ್ಲಿ ಆಲ್ಬರ್ಟ್ ಮೆಹ್ರೇಬಿಯನ್ ಅವರು ಪ್ರಕಟಿಸಿದ ಪ್ರಯೋಗಗಳು. ಹೇಳುವವರ ದನಿ, ಮುಖಭಾವ ಮತ್ತು ಪದ ಒಂದಕ್ಕೊಂದು ಹೊಂದದಿದ್ದಾಗ ಕೇಳುವವರು ಅವರ ಇಷ್ಟಾನಿಷ್ಟವನ್ನು ಹೇಗೆ ಊಹಿಸುತ್ತಾರೆ ಎಂಬುದಷ್ಟೇ ಅಲ್ಲಿನ ವಿಷಯ. ಮಾತ್ರೆಯ ಪ್ರಮಾಣವನ್ನು ಹಾವಭಾವದಲ್ಲಿ ತಿಳಿಸಲು ಆಗುವುದಿಲ್ಲ ಸರ್. ಓದದೆ ಕಳುಹಿಸುವುದನ್ನು ನಿಲ್ಲಿಸಿರಿ.

ಡಿಟಿಪಿ ಕೇಂದ್ರದವರು: ನುಡಿಯನ್ನು ಇಷ್ಟು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಇಪ್ಪತ್ತು ವರ್ಷಗಳಿಂದ ಲಗ್ನಪತ್ರಿಕೆಯಿಂದ ಸ್ಮರಣ ಸಂಚಿಕೆಯವರೆಗೆ ಅದರಲ್ಲೇ ಮಾಡಿದ್ದೇವೆ. ಯೂನಿಕೋಡಿಗೆ ಹೋದರೆ ಕೈಗೆ ರೂಢಿಯಾದ ಕೀಲಿಮಣೆಯನ್ನೂ ಬಿಡಬೇಕಾಗುತ್ತದೆ.

ತಂತ್ರಾಂಶ ಎಂಜಿನಿಯರ್: ಕೀಲಿಮಣೆ ಬೇರೆ, ಅಕ್ಷರಶೈಲಿಯ ಸಂಕೇತ ಬೇರೆ. ಕೆ.ಪಿ. ರಾವ್ ಅವರು ರೂಪಿಸಿದ ಅದೇ ಕೀಲಿಮಣೆ ವಿನ್ಯಾಸದಲ್ಲಿ ಬೆರಳಾಡಿಸಿ ಯೂನಿಕೋಡ್ ಬರೆಯಬಹುದು, ನುಡಿಯಲ್ಲೇ ಆ ಸೌಲಭ್ಯವಿದೆ. ತಿಳಿಯದೆ ಹೆದರಿಸಬೇಡಿ.

ಡಿಟಿಪಿ ಕೇಂದ್ರದವರು: ಬೆಂಗಳೂರಿನಲ್ಲಿ ಕುಳಿತು ಹೇಳುವುದು ಸುಲಭ. ನಮ್ಮ ಮುದ್ರಣಾಲಯದ ಹಳೆಯ ಪೇಜ್‌ಮೇಕರಿನಲ್ಲಿ ನಿಮ್ಮ ಯೂನಿಕೋಡ್ ಕನ್ನಡ ಮೂಡುವುದೇ ಇಲ್ಲ.

ತಂತ್ರಾಂಶ ಎಂಜಿನಿಯರ್: ಇಲ್ಲಿ ಮುದ್ರಣದ ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಆ ಅಮ್ಮನವರ ಸ್ಲೈಡು ಕೆಟ್ಟದ್ದು ನೀವು ಸಮರ್ಥಿಸುತ್ತಿರುವ ಪದ್ಧತಿಯಿಂದಲೇ.

ಕಾಲೇಜು ವಿದ್ಯಾರ್ಥಿನಿ: ಮೇಡಂ, ಕ್ಯಾನ್ವಾದಲ್ಲಿ ಮಾಡಿದ ಸ್ಲೈಡನ್ನು ಪವರ್‌ಪಾಯಿಂಟಿಗೆ ತಂದರೆ ಕನ್ನಡ ಸಾಲುಗಳು ಪೆಟ್ಟಿಗೆಯಿಂದ ಹೊರಗೆ ಹೋಗುತ್ತವೆ. ಏಕೆ?

ಡಿಟಿಪಿ ಕೇಂದ್ರದವರು: ಪದ್ಧತಿಯನ್ನು ದೂರುವವರು ಮೊದಲು ಒಂದು ಪುಟವನ್ನಾದರೂ ಕನ್ನಡದಲ್ಲಿ ಕಟ್ಟಿ ತೋರಿಸಲಿ.

ವಿನ್ಯಾಸಕಿ: ಇಬ್ಬರೂ ಸಾಕು ಮಾಡಿ. ಮುದ್ರಣಕ್ಕೆ ನಿಮ್ಮ ಮುದ್ರಣಾಲಯ ಬೇಡುವುದನ್ನು ಕೊಡಿ, ಊರೂರಿಗೆ ಒಯ್ಯುವ ಸ್ಲೈಡಿಗೆ ಯೂನಿಕೋಡ್ ಬಳಸಿ. ಇದರ ಮೇಲೆ ಇನ್ನು ಉತ್ತರಿಸುವುದಿಲ್ಲ.

ಗ್ರಾಮ ಪಂಚಾಯಿತಿ ಸಿಬ್ಬಂದಿ: ನಮ್ಮಲ್ಲಿಯೂ ಬೇರೆ ಕಂಪ್ಯೂಟರಿನಲ್ಲಿ ಅಕ್ಷರ ಒಡೆಯುತ್ತದೆ. ಪರಿಹಾರವೇನು?

ವಿನ್ಯಾಸಕಿ: ಮೇಲೆ ಬರೆದಿದ್ದೇನೆ. ಓದಿರಿ.

ಪ್ರೌಢಶಾಲಾ ಶಿಕ್ಷಕರು: ಅಕ್ಷರವನ್ನು ದಪ್ಪ ಮಾಡಿದರೆ ಹಿಂದಿನ ಬೆಂಚಿನವರಿಗೆ ಚೆನ್ನಾಗಿ ಕಾಣುವುದಲ್ಲವೇ?

ವಿನ್ಯಾಸಕಿ: ಯಾವಾಗಲೂ ಅಲ್ಲ. ಅಕ್ಷರಶೈಲಿಗೆ ತನ್ನದೇ ದಪ್ಪ ರೂಪವಿಲ್ಲದಿದ್ದರೆ ಕಂಪ್ಯೂಟರು ಗೆರೆಗಳನ್ನು ಸುಮ್ಮನೆ ಹಿಗ್ಗಿಸುತ್ತದೆ. ಆಗ ‘ಠ’ದೊಳಗಿನ ಚುಕ್ಕೆ ಗೆರೆಗೆ ಅಂಟಿಕೊಂಡು, ದೂರದಿಂದ ನೋಡುವವರು ಅದನ್ನು ‘ರ’ ಎಂದು ಓದುತ್ತಾರೆ. ಸಾಲುಗಳ ಅಂತರವನ್ನೂ ನೋಡಿಕೊಳ್ಳಿ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ‘ರಾಷ್ಟ್ರ’ದ ಕೆಳಗಿನ ಎರಡು ಒತ್ತುಗಳು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತವೆ. ಅಂತರವನ್ನು 1.2ರಷ್ಟಾದರೂ ಇಟ್ಟು, ಕೊನೆಯ ಬೆಂಚಿನಲ್ಲಿ ನೀವೇ ಕುಳಿತು ಓದಿ ನೋಡಿರಿ.

ಕಾಲೇಜು ವಿದ್ಯಾರ್ಥಿನಿ: ನನ್ನ ಪ್ರಶ್ನೆ ಉಳಿದುಹೋಗಿದೆ ಮೇಡಂ.

ನಿವೃತ್ತ ಬ್ಯಾಂಕ್ ನೌಕರರು: ಒಳ್ಳೆಯ ಉದ್ದೇಶದಿಂದ ಹಂಚಿದವರಿಗೆ ಹೀಗೆ ಹೇಳುವುದಾದರೆ ನಾನು ಗುಂಪಿನಲ್ಲಿ ಇರುವುದಿಲ್ಲ.

ನಿರ್ವಾಹಕರು: ಸರ್, ದಯವಿಟ್ಟು ವೈಯಕ್ತಿಕವಾಗಿ ತೆಗೆದುಕೊಳ್ಳಬೇಡಿ. ಕೊಂಡಿಯನ್ನು ಅಳಿಸಿದ್ದೇನೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ: ಮೇಡಂ, ಸಭಾಂಗಣದ ಕಿಟಕಿಗಳಿಗೆ ಪರದೆ ಇಲ್ಲ, ಹಗಲಿನ ಬೆಳಕು ನೇರವಾಗಿ ಗೋಡೆಗೆ ಬೀಳುತ್ತದೆ. ನೀಲಿ ಹಿನ್ನೆಲೆಯಲ್ಲಿ ಹಳದಿ ಅಕ್ಷರ ಇಡಬಹುದೇ?

ವಿನ್ಯಾಸಕಿ: ಬೇಡಮ್ಮ. ಬೆಳಕಿರುವ ಕೋಣೆಯಲ್ಲಿ ಗಾಢ ಹಿನ್ನೆಲೆ ಮಾಸಲಾಗಿ ಕಾಣುತ್ತದೆ. ಬಿಳಿಯ ಮೇಲೆ ಕಪ್ಪು ಅಕ್ಷರವೇ ಇರಲಿ. ಪ್ರಮಾಣದ ಮೂರು ಸ್ಲೈಡುಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ, ನಿಮ್ಮ ವೈದ್ಯಾಧಿಕಾರಿಯವರಿಗೆ ಒಮ್ಮೆ ತೋರಿಸಿ, ತರಬೇತಿ ಆರಂಭವಾಗುವ ಮೊದಲೇ ಪ್ರತಿಯೊಬ್ಬರ ಕೈಗೂ ಕೊಡಿ. ತಿದ್ದಿದ ಪಿಡಿಎಫ್ ಅನ್ನು ಭಾನುವಾರ ಸಂಜೆಯೊಳಗೆ ನನಗೆ ಕಳುಹಿಸಿ, ಒತ್ತಕ್ಷರಗಳನ್ನು ನಾನೂ ಒಮ್ಮೆ ಓದಿ ನೋಡುತ್ತೇನೆ.