ಏಳು ವಾರದ ಮಗು, ಕೂಗಿಲ್ಲದ ಕೆಮ್ಮು. ಇದು ನಾಯಿಕೆಮ್ಮು ಹೌದಾ ಅಲ್ವಾ?

ನಾಪೋಕ್ಲು_ಅಮ್ಮ (ರಾತ್ರಿ 8.10)

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ತೋಟದ ಮನೆ ನಮ್ಮದು. ಮಗಳಿಗೆ ಇವತ್ತಿಗೆ 7 ವಾರ 3 ದಿನ. ಹತ್ತು ದಿನದಿಂದ ಕೆಮ್ಮು. ಇಬ್ಬರು ಡಾಕ್ಟರು ಎರಡು ತರಹ ಹೇಳಿದ್ದಾರೆ, ಮನೆಯಲ್ಲಿ ಇನ್ನೊಂದು ತರಹ ಹೇಳ್ತಿದ್ದಾರೆ. ನನಗೆ ದಿಕ್ಕೇ ತೋಚುತ್ತಿಲ್ಲ.

ಮೊದಲು ಬರೀ ನೆಗಡಿ. ಮೂಗು ಸೋರುತ್ತಿತ್ತು, ಆಗಾಗ ಸೀನು, ಜ್ವರ ಇಲ್ಲ. ಜನವರಿ ಚಳಿ, ಬೆಳಿಗ್ಗೆ ಒಂಬತ್ತಾದರೂ ಮಂಜು ಸರಿಯುವುದಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆವು. ಐದನೇ ದಿನದಿಂದ ಕೆಮ್ಮಿನ ರೀತಿಯೇ ಬದಲಾಯಿತು. ಶುರುವಾದರೆ ನಿಲ್ಲುವುದೇ ಇಲ್ಲ. ನಾನು ಎಣಿಸಿದ್ದೇನೆ, ಉಸಿರು ಎಳೆದುಕೊಳ್ಳದೆ ಒಂದೇ ಸಮನೆ 14, 15 ಸಲ. ಮುಖ ಕೆಂಪಾಗಿ, ಆಮೇಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಕೊನೆಗೆ ಕುಡಿದ ಹಾಲೆಲ್ಲ ಅಂಟು ಲೋಳೆ ಸಮೇತ ಹೊರಗೆ. ಸುಸ್ತಾಗಿ ಮಲಗಿಬಿಡುತ್ತಾಳೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗದ ಹಾಗೆ ಕಣ್ಣರಳಿಸಿ ನೋಡುತ್ತಿರುತ್ತಾಳೆ.

ಡಾಕ್ಟರ ಮುಂದೆ ಕೂತಾಗಲೂ ಹೀಗೇ ಆಯಿತು. ಮೊದಲನೆಯವರ ಹತ್ತಿರ ಹೋದಾಗ ಒಂದು ಸಲವೂ ಕೆಮ್ಮಲಿಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಸ್ವಚ್ಛವಾಗಿದೆ, ಸಾಮಾನ್ಯ ನೆಗಡಿ ಅಂತ ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಕೊಟ್ಟು ಕಳಿಸಿದರು. ಇವತ್ತು ಮಧ್ಯಾಹ್ನ ಮಡಿಕೇರಿಯಲ್ಲಿ ಇನ್ನೊಬ್ಬ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ 24,600 ಬಂದಿದೆ, ಅದರಲ್ಲಿ ಲಿಂಫೋಸೈಟ್ ಅನ್ನುವ ಬಗೆಯ ಕಣ 74%. "ನಾಯಿಕೆಮ್ಮು ಇರಬಹುದಮ್ಮ, ಹೌದೇ ಹೌದು ಅಂತ ಈಗಲೇ ಹೇಳಲಿಕ್ಕಾಗುವುದಿಲ್ಲ" ಅಂದರು. ಅಜಿತ್ರೋಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ 5 ದಿನಕ್ಕೆ ಬರೆದಿದ್ದಾರೆ. ಅಡ್ಮಿಟ್ ಮಾಡಿ ಅಂತಲೂ ಹೇಳಿದರು. ಬಾಣಂತಿ ಮಗುವನ್ನು ಆಸ್ಪತ್ರೆ ಥಂಡಿಯಲ್ಲಿ ಮಲಗಿಸುವುದು ಬೇಡ ಅಂತ ಅತ್ತೆ. ಬೆಳಿಗ್ಗೆ ಹೇಳುತ್ತೇವೆ ಅಂತ ಮನೆಗೆ ಬಂದಿದ್ದೇವೆ.

ಅತ್ತೆ ಹೇಳುವುದು ಒಂದೇ ಮಾತು: "ನಾಯಿಕೆಮ್ಮು ಆದರೆ ಕೊನೆಗೆ 'ಹೂಪ್' ಅಂತ ಕೂಗು ಬರಬೇಕು. ಮಗುವಿಗೆ ಅದು ಇಲ್ಲ." ಅವರು ನಾಲ್ಕು ಮಕ್ಕಳನ್ನು ಸಾಕಿದವರು. ಸುಮ್ನೆ ಹೇಳುವವರಲ್ಲ. ನಾನೂ ಕಿವಿಗೊಟ್ಟು ಕೇಳಿದ್ದೇನೆ, ಕೂಗು ಇಲ್ಲ. ನಾಯಿಕೆಮ್ಮಿಗೂ ಸೇರಿಸಿ ಕೊಡುವ 6 ವಾರದ ಪೆಂಟಾವೇಲೆಂಟ್ ಲಸಿಕೆಯನ್ನೂ ಹಾಕಿಸಿ ಆಗಿದೆ. ಹಾಗಿದ್ದರೂ ನಾಯಿಕೆಮ್ಮು ಬರುತ್ತದಾ? ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ.

ಕಿತ್ತಳೆತೋಟ (ರಾತ್ರಿ 8.25)

ಅಕ್ಕ, ಗಾಬರಿ ಆಗಬೇಡಿ. ನಮ್ಮ ಕಡೆ ಮಕ್ಕಳಿಗೆ ಕೆಮ್ಮು ಬಂದರೆ ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ ಒಂದು ಹನಿ ಜೇನು ಸೇರಿಸಿ ನಾಲಿಗೆಗೆ ಸವರುತ್ತಾರೆ. ಕೊಡಗಿನ ಜೇನೇ ಇದೆಯಲ್ಲ ಮನೆಯಲ್ಲಿ. ನನ್ನ ಮಗನಿಗೆ ಎರಡೇ ದಿನಕ್ಕೆ ಕಮ್ಮಿ ಆಯ್ತು. ಅವನಿಗೆ ಆಗ ಎರಡು ವರ್ಷ.

ವಾರ್ಡ್_ಸಿಸ್ಟರ್ (ರಾತ್ರಿ 8.40)

ನಾಪೋಕ್ಲು ತಂಗಿ, ಮೊದಲು ಇಷ್ಟು ಓದು, ಉಳಿದದ್ದು ದಾರಿಯಲ್ಲಿ ಓದಿಕೊಳ್ಳಬಹುದು. ಬೆಳಿಗ್ಗೆವರೆಗೆ ಕಾಯಬೇಡ. ಮೂರು ತಿಂಗಳು ತುಂಬದ ಮಗು ಕೆಮ್ಮಿ ಬಣ್ಣ ಬದಲಾಗುತ್ತಿದೆ ಅಂದರೆ ಈ ರಾತ್ರಿಯೇ ಅಡ್ಮಿಟ್ ಆಗಬೇಕು. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡು. ನಾಯಿಕೆಮ್ಮು ಹೌದೋ ಅಲ್ಲವೋ, ಅದು ಆಮೇಲಿನ ಪ್ರಶ್ನೆ.

ಮಕ್ಕಳ ವಾರ್ಡಿನಲ್ಲಿ 22 ವರ್ಷ ಇದ್ದೆ. ನಿವೃತ್ತಿಯಾಗಿ ಈಗ ವಿರಾಜಪೇಟೆಯಲ್ಲಿದ್ದೇನೆ. ನಿನ್ನ ಅತ್ತೆ ಹೇಳಿದ್ದು ಸುಳ್ಳಲ್ಲ. ದೊಡ್ಡ ಮಕ್ಕಳಲ್ಲಿ ಆ ಕೂಗು ಬರುತ್ತದೆ. ಕೆಮ್ಮಿ ಕೆಮ್ಮಿ ಎದೆಯ ಗಾಳಿಯೆಲ್ಲ ಖಾಲಿಯಾದ ಮೇಲೆ, ಬಿಗಿದ ಗಂಟಲಿನಿಂದ ಜೋರಾಗಿ ಉಸಿರು ಎಳೆದುಕೊಂಡಾಗ ಆ ಸದ್ದು ಹುಟ್ಟುತ್ತದೆ. ಏಳು ವಾರದ ಮಗುವಿಗೆ ಹಾಗೆ ಎಳೆದುಕೊಳ್ಳುವ ಶಕ್ತಿ ಎಲ್ಲಿದೆ? ಅದಕ್ಕೇ ಎಷ್ಟೋ ಹಸುಗೂಸುಗಳಲ್ಲಿ ಕೂಗೇ ಇರುವುದಿಲ್ಲ. ಕೆಲವು ಮಕ್ಕಳು ಕೆಮ್ಮುವುದೂ ಕಡಿಮೆ. ಸುಮ್ಮನೆ ಉಸಿರು ನಿಲ್ಲಿಸಿಬಿಡುತ್ತವೆ. ವಾರ್ಡಿನಲ್ಲಿ ನಾವು ಹೆದರುತ್ತಿದ್ದದ್ದು ಕೆಮ್ಮುವ ಮಗುವಿಗಲ್ಲ, ಸದ್ದಿಲ್ಲದೆ ಮಲಗಿದ ಮಗುವಿಗೆ.

ಎದೆ ಸ್ವಚ್ಛವಾಗಿ ಕೇಳಿಸಿತು ಅಂದೆಯಲ್ಲ, ಆ ಡಾಕ್ಟರನ್ನು ಬೈಯಬೇಡ. ಈ ಕಾಯಿಲೆಯೇ ಹಾಗೆ. ಒಂದು ಕೆಮ್ಮಿನ ದಾಳಿಗೂ ಇನ್ನೊಂದಕ್ಕೂ ನಡುವೆ ಮಗು ಚೆನ್ನಾಗಿಯೇ ಕಾಣುತ್ತದೆ. ಜ್ವರ ಅಷ್ಟಾಗಿ ಇರುವುದಿಲ್ಲ. ಎಕ್ಸ್‌ರೇಯೂ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಮೊದಲ ಒಂದೆರಡು ವಾರ ಮಾಮೂಲಿ ನೆಗಡಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಯಾರಿಗೂ ಕಷ್ಟ. ಔಷಧಿ ಚೆನ್ನಾಗಿ ಕೆಲಸ ಮಾಡುವುದೂ ಆಗಲೇ, ನೋಡು. ಆದ್ದರಿಂದ ಮುಂದಿನ ಸಲ ಕೆಮ್ಮು ಬಂದಾಗ ನಿನ್ನ ಗಂಡನಿಗೆ ಫೋನಿನಲ್ಲಿ ವಿಡಿಯೋ ಮಾಡಲು ಹೇಳು. ಶುರುವಿನಿಂದ ಮಗು ವಾಂತಿ ಮಾಡಿ ಸುಸ್ತಾಗುವವರೆಗೆ. ನೀನು ಅರ್ಧ ಗಂಟೆ ವಿವರಿಸುವುದಕ್ಕಿಂತ ಆ ಒಂದು ನಿಮಿಷ ಡಾಕ್ಟರಿಗೆ ಜಾಸ್ತಿ ಹೇಳುತ್ತದೆ.

ಲಿಂಫೋಸೈಟ್ ಚಿಕ್ಕ ಮಕ್ಕಳಲ್ಲಿ ಹೇಗೂ ಹೆಚ್ಚೇ ಇರುತ್ತದೆ. ಆದರೆ ಇಂಥ ಕೆಮ್ಮಿನ ಜೊತೆ ಬಿಳಿ ರಕ್ತಕಣ 24 ಸಾವಿರ ದಾಟಿದರೆ ನಾಯಿಕೆಮ್ಮಿನ ಕಡೆ ಬೆರಳು ತೋರಿಸುತ್ತದೆ. ಬೆರಳು ತೋರಿಸುತ್ತದೆ ಅಷ್ಟೇ, ಸಾಕ್ಷಿ ಅಲ್ಲ. ಚಳಿಗಾಲದಲ್ಲಿ ಆರ್‌ಎಸ್‌ವಿ ಅನ್ನುವ ವೈರಸ್ಸೂ ಹಸುಗೂಸುಗಳಿಗೆ ಕೆಟ್ಟ ಕೆಮ್ಮು ತರುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಸ್ವಲ್ಪ ಖಚಿತವಾಗಿ ಹೇಳುವುದು ರೋಗಾಣುವಿನ ಗುರುತು ಹುಡುಕುವ ಪಿಸಿಆರ್ ಪರೀಕ್ಷೆ. ಸ್ವ್ಯಾಬ್ ಅನ್ನುವ ತೆಳು ಕಡ್ಡಿಯನ್ನು ಮೂಗಿನ ಮೂಲಕ ಹಿಂದಿನ ಗಂಟಲಿನವರೆಗೆ ಬಿಟ್ಟು, ಕೆಲವು ಸೆಕೆಂಡು ಅಲ್ಲೇ ಇಟ್ಟು ತಿರುಗಿಸಿ ತೆಗೆಯಬೇಕು. ಮೂಗಿನ ತುದಿಯಲ್ಲಿ ಸವರಿದರೆ ಪ್ರಯೋಜನ ಇಲ್ಲ. ಕೆಮ್ಮು ಶುರುವಾಗಿ ಮೂರು ವಾರದ ಒಳಗೆ ಆದರೆ ಒಳ್ಳೆಯದು. ಆ್ಯಂಟಿಬಯಾಟಿಕ್ ಹೊಟ್ಟೆಗೆ ಹೋದ ಮೇಲೆ ರೋಗಾಣು ಸಿಗುವ ಸಾಧ್ಯತೆ ದಿನೇದಿನೇ ಇಳಿಯುತ್ತದೆ. ಹಾಗಂತ ಪರೀಕ್ಷೆಗೋಸ್ಕರ ಔಷಧಿ ತಡ ಮಾಡಬೇಡಿ.

ಲಸಿಕೆ ವಿಷಯ. 6, 10, 14 ವಾರಕ್ಕೆ ಮೂರು ಡೋಸ್ ಆದ ಮೇಲೆಯೇ ಮಗುವಿಗೆ ಒಳ್ಳೆಯ ರಕ್ಷಣೆ. ನಿನ್ನ ಮಗಳಿಗೆ ಒಂದೇ ಆಗಿದೆ. ಅದೂ ಲೆಕ್ಕ ಹಾಕಿ ನೋಡು, ಲಸಿಕೆ ಹಾಕಿಸಿದ ದಿನವೂ ಕೆಮ್ಮು ಶುರುವಾದ ದಿನವೂ ಹೆಚ್ಚುಕಡಿಮೆ ಒಂದೇ. ಸೋಂಕು ಅದಕ್ಕೂ ಮೊದಲೇ ತಗುಲಿರಬೇಕು.

ಈಗ ನನ್ನ ಪ್ರಶ್ನೆ. ಮನೆಯಲ್ಲಿ ದೊಡ್ಡವರು ಯಾರಾದರೂ ಎರಡು ಮೂರು ವಾರದಿಂದ ಕೆಮ್ಮುತ್ತಿದ್ದಾರಾ? ಸರಿಯಾಗಿ ಯೋಚಿಸಿ ಹೇಳು.

ಕಿತ್ತಳೆತೋಟದವರೇ, ನೀವು ಒಳ್ಳೆ ಮನಸ್ಸಿನಿಂದಲೇ ಹೇಳಿದಿರಿ. ಆದರೆ ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ಎಷ್ಟೇ ಶುದ್ಧವಾಗಿರಲಿ. ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಣ ಹಸುಗೂಸಿನ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ. ಕೆಮ್ಮಿನ ಸಿರಪ್ ಕೂಡ ಬೇಡ. ತಂಗಿ, ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರೆ ಅದನ್ನೂ ನಿಲ್ಲಿಸಿ. ಹೊಗೆ ಸೋಕಿದರೆ ಸಾಕು, ಕೆಮ್ಮು ಕೆರಳುತ್ತದೆ.

ನಾಪೋಕ್ಲು_ಅಮ್ಮ (ರಾತ್ರಿ 8.55)

ಸಿಸ್ಟರ್, ಓದಿ ಕೈಕಾಲು ತಣ್ಣಗಾಯಿತು. ಮೈದುನ! ಕೊಯ್ಲಿಗೆ ಅಂತ ಬೆಂಗಳೂರಿನಿಂದ ಹೊಸ ವರ್ಷದ ಹೊತ್ತಿಗೆ ಬಂದ. ಬಂದಾಗ ನೆಗಡಿ ಇತ್ತು. ಆಮೇಲೆ ಕೆಮ್ಮು, ಇವತ್ತಿಗೂ ಹೋಗಿಲ್ಲ. ರಾತ್ರಿ ಎದ್ದು ಕೂತು ಕೆಮ್ಮುತ್ತಾನೆ, ಎರಡು ಸಲ ವಾಂತಿಯೂ ಆಗಿದೆ. ದಿನವಿಡೀ ಕಣದಲ್ಲಿ ಕಾಫಿ ಹರಡುತ್ತಾನೆ, ಧೂಳಿಗೆ ಅಂದುಕೊಂಡಿದ್ದೆವು. ಸಂಜೆ ಬಂದರೆ ಮೊದಲು ಎತ್ತಿಕೊಳ್ಳುವುದೇ ಇವಳನ್ನು. ಜೀಪ್ ತೆಗೆದಿದ್ದಾರೆ, ಹೊರಟೆವು.

ಸೋಮವಾರಪೇಟೆ_ಅಪ್ಪ (ಮರುದಿನ)

ಸಿಸ್ಟರ್ ಹೇಳಿದ್ದಕ್ಕೆ ನನ್ನದೊಂದು ಅನುಭವ ಸೇರಿಸುತ್ತೇನೆ. ಮೂರು ವರ್ಷದ ಹಿಂದೆ ನನ್ನ ಮಗನಿಗೆ ನಾಲ್ಕು ತಿಂಗಳಿದ್ದಾಗ ಇದೇ ತರಹದ ಕೆಮ್ಮು. ಒಂದು ಕಡೆ ಅಲರ್ಜಿ ಅಂದರು, ಇನ್ನೊಂದು ಕಡೆ ಹಾಲು ಮೇಲೆ ಬರುತ್ತಿದೆ ಅಂದರು. ಕೊನೆಗೆ ಐದನೇ ವಾರದಲ್ಲಿ ಒಂದು ಆಸ್ಪತ್ರೆಯಲ್ಲಿ ಸ್ವ್ಯಾಬ್ ತೆಗೆದರು. ನೆಗೆಟಿವ್ ಬಂತು. "ನೋಡಿ, ನಾಯಿಕೆಮ್ಮು ಅಲ್ಲ" ಅಂತ ಚೀಟಿ ಕೊಟ್ಟು ಕಳಿಸಿದರು. ಐದನೇ ವಾರದ ನೆಗೆಟಿವ್‌ಗೆ ಹೆಚ್ಚು ಅರ್ಥ ಇಲ್ಲ ಅಂತ ಆಗ ನಮಗೆ ಯಾರೂ ಹೇಳಲಿಲ್ಲ. ಆ ಚೀಟಿ ನಂಬಿ ಮನೆಯಲ್ಲಿ ಬೇರೆ ಯಾರಿಗೂ ಔಷಧಿ ತಗೊಳ್ಳಲಿಲ್ಲ. ಹದಿನೈದು ದಿನಕ್ಕೆ ನನ್ನ ಅಕ್ಕನ ಮಗಳಿಗೂ ಶುರುವಾಯಿತು. ಅವಳಿಗೆ ಆರು ವರ್ಷ, ಅವಳು ಕೂಗಿದ್ದು ಪಕ್ಕದ ಮನೆಗೂ ಕೇಳಿಸುತ್ತಿತ್ತು.

ಮಗ ಈಗ ಚೆನ್ನಾಗಿದ್ದಾನೆ. ಕೆಮ್ಮು ಪೂರ್ತಿ ಹೋಗಲು ಮೂರು ತಿಂಗಳು ಹಿಡಿಯಿತು. ಆದರೂ ಅವನಿಗೆ ಆಗಿದ್ದು ಏನು ಅಂತ ಕಾಗದದಲ್ಲಿ ಇವತ್ತಿಗೂ ಇಲ್ಲ.

ನಾಪೋಕ್ಲು_ಅಮ್ಮ (ಮೂರು ವಾರದ ನಂತರ)

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. 9 ದಿನ ಆಸ್ಪತ್ರೆಯಲ್ಲಿದ್ದೆವು. ಈಗ ಮನೆಯಲ್ಲಿದ್ದೇವೆ.

ಎರಡನೇ ರಾತ್ರಿ, ಮೂರು ಗಂಟೆ ಇರಬೇಕು. ನಾನು ಎಚ್ಚರವಾಗೇ ಇದ್ದೆ, ಅವಳ ಮುಖವನ್ನೇ ನೋಡುತ್ತಿದ್ದೆ. ಕೆಮ್ಮಲೇ ಇಲ್ಲ. ತುಟಿ ಸುತ್ತ ಬೂದು ಬಣ್ಣ ಬಂತು, ಹೊಟ್ಟೆ ಮೇಲೆ ಕೆಳಗೆ ಆಗುವುದು ನಿಂತಿತು. ನನಗೆ ಗೊತ್ತಾಗುವಷ್ಟರಲ್ಲಿ ಕಾಲಿಗೆ ಕಟ್ಟಿದ್ದ ಮಷೀನು ಕೂಗಿಕೊಂಡಿತು, ಆಕ್ಸಿಜನ್ 71 ತೋರಿಸುತ್ತಿತ್ತು. ಸಿಸ್ಟರ್ ಓಡಿ ಬಂದು ಅಂಗಾಲು ತಟ್ಟಿ, ಬೆನ್ನು ಉಜ್ಜಿ, ಮೂಗಿನ ಹತ್ತಿರ ಆಕ್ಸಿಜನ್ ಹಿಡಿದರು. ಅತ್ತಳು. ಆ ಅಳು ಕೇಳಿ ನನ್ನ ಪಕ್ಕದಲ್ಲಿದ್ದ ಅತ್ತೆ ನೆಲದ ಮೇಲೆ ಕೂತುಬಿಟ್ಟರು. ಆ ರಾತ್ರಿ ನಾವು ತೋಟದ ಮನೆಯಲ್ಲೇ ಇದ್ದಿದ್ದರೆ ಅಂತ ಯೋಚಿಸಿದರೆ ಇವತ್ತೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ವಾರ್ಡ್ ಸಿಸ್ಟರ್, ನೀವು ಯಾರೋ ನಾನು ಯಾರೋ. ನಿಮ್ಮ ಋಣ ತೀರಿಸಲಿಕ್ಕಾಗುವುದಿಲ್ಲ.

ಹೌದಾ ಅಲ್ವಾ ಅಂತ ಕೇಳಿದ್ದೆನಲ್ಲ, ಅದಕ್ಕೆ ಬರುತ್ತೇನೆ. ಸ್ವ್ಯಾಬ್ ತೆಗೆಯುವ ಹೊತ್ತಿಗೆ ಅಜಿತ್ರೋಮೈಸಿನ್ ಶುರುವಾಗಿ ನಾಲ್ಕನೇ ದಿನ. ರಿಪೋರ್ಟ್ ಬಂತು: ರೋಗಾಣು ಪತ್ತೆಯಾಗಿಲ್ಲ. ಆರ್‌ಎಸ್‌ವಿಯೂ ಇಲ್ಲ. ರಕ್ತದಲ್ಲಿ ರೋಗದ ವಿರುದ್ಧ ಹುಟ್ಟುವ ಪ್ರತಿಕಾಯ ನೋಡಲಾಗದೇ ಅಂತ ನನ್ನ ಗಂಡ ಕೇಳಿದರು. ಇಷ್ಟು ಚಿಕ್ಕ ಮಗುವಿನ ರಕ್ತದಲ್ಲಿ ತಾಯಿಯಿಂದ ಬಂದದ್ದು, ಲಸಿಕೆಯಿಂದ ಬಂದದ್ದು ಎಲ್ಲ ಬೆರೆತಿರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ ಅಂದರು ಡಾಕ್ಟರು. ಅದರ ಬದಲು ಮೈದುನನ ರಕ್ತ ತೆಗೆದು ಕಳಿಸಿದರು. ಅವನಿಗೆ ಕೆಮ್ಮು ಶುರುವಾಗಿ ಆಗಲೇ ನಾಲ್ಕು ವಾರ ದಾಟಿತ್ತು, ಚಿಕ್ಕಂದಿನ ಲಸಿಕೆ ಬಿಟ್ಟರೆ ಬೇರೆ ಹಾಕಿಸಿದ್ದಿಲ್ಲ. ಅವನದು ತುಂಬ ಹೆಚ್ಚು ಬಂತು, ಇತ್ತೀಚೆಗೆ ನಾಯಿಕೆಮ್ಮು ಬಂದು ಹೋದ ಹಾಗೆ. ಮಗಳ ಡಿಸ್ಚಾರ್ಜ್ ಕಾರ್ಡಿನಲ್ಲಿ "ಬಹುಶಃ ನಾಯಿಕೆಮ್ಮು" ಅಂತ ಬರೆದಿದ್ದಾರೆ. ಆ "ಬಹುಶಃ" ತೆಗೆಯಲು ಆಗುವುದಿಲ್ಲ ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ನನಗೆ ಅದು ಹಿಡಿಸಿತು. ಗೊತ್ತಿದ್ದಷ್ಟನ್ನೇ ಬರೆದಿದ್ದಾರೆ.

ಮೈದುನ ಎರಡು ದಿನ ಊಟ ಮಾಡಲಿಲ್ಲ. ಅವನ ತಪ್ಪು ಏನಿದೆ? ದೊಡ್ಡವರಿಗೂ ಇದು ಬರುತ್ತದೆ, ಲಸಿಕೆಯ ಬಲ ವರ್ಷ ಕಳೆದ ಹಾಗೆ ಕುಗ್ಗುತ್ತದೆ ಅಂತ ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ಮನೆಯ ಆರು ಜನರೂ ಮಾತ್ರೆ ತಗೊಂಡೆವು. ಆಶಾ ಅಕ್ಕ ಬಂದು ತೋಟದ ಕೆಲಸಗಾರರ ಲೈನ್ ಮನೆಗಳ ಮಕ್ಕಳ ತಾಯಿ ಕಾರ್ಡ್ ಎಲ್ಲ ನೋಡಿದರು. ಕೆಲಸಕ್ಕೆ ಅಸ್ಸಾಮಿನಿಂದ ಬಂದ ಒಂದು ಕುಟುಂಬದ ಐದು ತಿಂಗಳ ಮಗುವಿಗೆ ಒಂದೇ ಡೋಸ್ ಆಗಿತ್ತು. ಆ ತಾಯಿಯನ್ನು ನಮ್ಮ ಜೀಪಿನಲ್ಲೇ ಕರೆದುಕೊಂಡು ಹೋಗಿ ಹಾಕಿಸಿದೆವು.

ಮಗಳು ಈಗಲೂ ದಿನಕ್ಕೆ ನಾಲ್ಕೈದು ಸಲ ಕೆಮ್ಮುತ್ತಾಳೆ. ಬಣ್ಣ ಬದಲಾಗುವುದಿಲ್ಲ, ಹಾಲು ನಿಲ್ಲುತ್ತಿದೆ. 10 ವಾರದ ಲಸಿಕೆಯ ದಿನ ಬಂದಿದೆ. ಕೆಮ್ಮು ಇರುವಾಗ ಹಾಕಿಸಬಹುದಾ ಸಿಸ್ಟರ್? ಒಂದು ಸಲ ಬಂದ ಮೇಲೆ ಇನ್ನು ಬೇಡ ಅಂತ ಅತ್ತೆಗೆ ಅನುಮಾನ.

ವಾರ್ಡ್_ಸಿಸ್ಟರ್

ಮಗಳನ್ನು ಮನೆಗೆ ಕರೆತಂದೆ ಅಂತ ಓದಿ ಕಣ್ಣು ತುಂಬಿತು ತಂಗಿ.

ಲಸಿಕೆ ಬಿಡಬೇಡ. ನಾಯಿಕೆಮ್ಮು ಒಂದು ಸಲ ಬಂದರೆ ಜೀವನಪೂರ್ತಿ ರಕ್ಷಣೆ ಸಿಗುವುದಿಲ್ಲ. ಅದೇ ಸೂಜಿಯಲ್ಲಿ ಗಂಟಲಮಾರಿ, ಧನುರ್ವಾಯು, ಹೆಪಟೈಟಿಸ್ ಬಿ ಎಲ್ಲದಕ್ಕೂ ಇದೆ. ಜ್ವರ ಇಲ್ಲ, ಹಾಲು ಕುಡಿಯುತ್ತಾಳೆ ಅಂದರೆ ಉಳಿದಿರುವ ಈ ಕೆಮ್ಮು ಅಡ್ಡಿಯಲ್ಲ. ಆದರೂ ಡಿಸ್ಚಾರ್ಜ್ ಕಾರ್ಡ್ ಜೊತೆಗೆ ಒಯ್ದು ನಿನ್ನ ಡಾಕ್ಟರಿಗೆ ಒಂದು ಸಲ ತೋರಿಸಿ, ಆಮೇಲೆ ಹಾಕಿಸು.

ಕೆಮ್ಮು ಇನ್ನೂ ಕೆಲವು ವಾರ ಇರುತ್ತದೆ. ರೋಗಾಣು ಸತ್ತರೂ ಗಾಳಿಕೊಳವೆಯ ಒಳಗಿನ ಸಣ್ಣ ರೋಮಗಳು ಮತ್ತೆ ಬೆಳೆಯಬೇಕಲ್ಲ. ಮುಂದೆ ನೆಗಡಿ ಆದಾಗ ಅದೇ ಹಳೆಯ ಕೆಮ್ಮು ತಿರುಗಿ ಬಂದ ಹಾಗೆ ಅನಿಸಬಹುದು. ಆಗ ಹೆದರಬೇಡ. ಬಣ್ಣ ಬದಲಾದರೆ, ಹಾಲು ಬಿಟ್ಟರೆ, ಉಸಿರು ತಪ್ಪಿದ ಹಾಗೆ ಕಂಡರೆ ಮಾತ್ರ ಹಿಂದೆಮುಂದೆ ನೋಡದೆ ಹೊರಡು.

ನಾಪೋಕ್ಲು_ಅಮ್ಮ

ಗುರುವಾರ ಹಾಕಿಸಿದೆ. ಅತ್ತೆಯೇ ಎತ್ತಿಕೊಂಡು ಕೂತಿದ್ದರು.