‘ನಾರ್ಮಲ್ ವೇರ್’: ಸವಕಳಿಯೋ, ಸವೆತವೋ?

ಪ್ರಶ್ನೆ: ಸೆಸ್ನಾ 172ಎಸ್ ವಿಮಾನದ ಹಾರಾಟಪೂರ್ವ ತಪಾಸಣೆಯ ಪಾಠ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ‘ನಾರ್ಮಲ್ ವೇರ್’ಗೆ (ಬಳಸುತ್ತಾ ಭಾಗಗಳು ಮಾಮೂಲಾಗಿ ತೇಯುವುದಕ್ಕೆ) ‘ಸಹಜ ಸವಕಳಿ’ ಎಂದು ಹಾಕಿದ್ದೇವೆ. ಆಯಿಲ್ ಇಳಿಯುವುದು, ಎಂಜಿನ್ ಅಡಿಯ ಎಣ್ಣೆ ಕಲೆ, ಪ್ರೊಪೆಲ್ಲರಿನ ಕಚ್ಚು, ಎಲ್ಲಕ್ಕೂ ಇದೊಂದೇ ಸಾಕೇ?

ಉತ್ತರ: ಸಾಲದು. ‘ಸವಕಳಿ’ಯನ್ನು ಲೆಕ್ಕಪತ್ರದವರು ಆಸ್ತಿಯ ಬೆಲೆ ಇಳಿಕೆಗೆ (ಡಿಪ್ರಿಸಿಯೇಷನ್) ಎಂದೋ ತಮ್ಮದು ಮಾಡಿಕೊಂಡಿದ್ದಾರೆ, ಯಂತ್ರಕ್ಕೆ ‘ಸವೆತ’ ಇರಲಿ. ಅದೂ ತಿಕ್ಕಾಟದಿಂದ ಆದದ್ದಕ್ಕೆ ಮಾತ್ರ: ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆ. ಇವು ಪೈಲಟ್ ಕಣ್ಣಿಗೆ ಬೀಳುವುದಿಲ್ಲ, ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಸುಳಿವು ಕೊಡುತ್ತವೆ. ಆಯಿಲ್ 5 ಕ್ವಾರ್ಟಿಗಿಂತ (ಒಂದು ಕ್ವಾರ್ಟ್ ಎಂದರೆ ಸುಮಾರು 0.95 ಲೀಟರ್) ಕಡಿಮೆಯಿದ್ದರೆ ಹಾರುವಂತಿಲ್ಲ. ಪೂರ್ತಿ ತುಂಬಿದರೆ 8. ಎಂಜಿನ್ ನಿಲ್ಲಿಸಿದ ಕೂಡಲೇ ಅಳೆದರೆ ಎಣ್ಣೆ ಇನ್ನೂ ಕೆಳಗಿಳಿದಿರದೆ ಕಡಿಮೆ ತೋರಿಸುತ್ತದೆ.

‘ಸಹಜ’ದ ಬಗ್ಗೆಯೂ ನನ್ನ ತಕರಾರಿದೆ. 180 ಅಶ್ವಶಕ್ತಿಯ ಈ ಲೈಕಮಿಂಗ್ ಎಂಜಿನ್ ಗಂಟೆಗೆ ಸುಮಾರು 0.58 ಕ್ವಾರ್ಟ್ ಆಯಿಲ್ ಕುಡಿಯುವವರೆಗೂ ತಯಾರಕರ ಸೂತ್ರದ ಮಿತಿಯೊಳಗೇ ಇರುತ್ತದೆ. ಆದರೆ 10 ಗಂಟೆಗೆ ಒಂದು ಕ್ವಾರ್ಟ್ ಕೇಳುತ್ತಿದ್ದದ್ದು ಇದ್ದಕ್ಕಿದ್ದಂತೆ 4 ಗಂಟೆಗೇ ಕೇಳತೊಡಗಿದರೆ ಮಿತಿ ದಾಟಿಲ್ಲ, ಸಹಜವೂ ಅಲ್ಲ, ಮೆಕ್ಯಾನಿಕ್‌ಗೆ ಹೇಳಲೇಬೇಕು. ಹಾಗಾಗಿ ‘ಮಿತಿಯೊಳಗಿನ ಸವೆತ’, ‘ರೂಢಿಯ ಬಳಕೆ’ ಎಂದು ಎರಡನ್ನೂ ಬೇರೆ ಇಡಿ.

ಎಣ್ಣೆಯ ವಿಷಯದಲ್ಲಿ ಕನ್ನಡಕ್ಕೆ ಬಡತನವಿಲ್ಲ. ಸಿಲಿಂಡರ್ ತಲೆಯ ಮುಚ್ಚಳವಾದ ರಾಕರ್ ಕವರಿನ ಅಂಚಲ್ಲಿ ಧೂಳು ಹಿಡಿದ ತೆಳು ಪಸೆ ಕಂಡರೆ ‘ಜಿನುಗು’: ಒರೆಸಿ, ಮುಂದಿನ ಸಲ ನೋಡಿ. ನೆಲದ ಮೇಲೆ ಹನಿ ಬಿದ್ದಿದ್ದರೆ ‘ತೊಟ್ಟಿಕ್ಕು’: ಮೂಲ ಸಿಗುವವರೆಗೆ ಹಾರಬೇಡಿ. ‘ಸೋರು’ ಎಂದ ಮೇಲೆ ಹಾರುವ ಮಾತೇ ಇಲ್ಲ. ವಿಮಾನದ ಹೊಟ್ಟೆಯುದ್ದಕ್ಕೂ ಎಣ್ಣೆ ಬಳಿದಂತಿದ್ದರೆ ಮೊದಲು ಯಾರಾದರೂ 8 ಕ್ವಾರ್ಟ್ ತುಂಬಿದ್ದಾರಾ ಕೇಳಿ. ಹೆಚ್ಚಾದದ್ದನ್ನು ಎಂಜಿನ್ ತನ್ನೊಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಕೊಳವೆಯಿಂದ ಉಗುಳಿರುತ್ತದೆ.

ಪ್ರೊಪೆಲ್ಲರಿನ ಮುಂಚೂಣಿ ಅಂಚು ಮರಳಿಗೆ ಒರಟಾಗಿದ್ದರೆ ಸವೆತ ಎನ್ನಬಹುದು. ಕಲ್ಲು ಬಡಿದ ಕಚ್ಚು ಸವೆತವಲ್ಲ, ಜಖಂ. ಕೀಲಿ ತೆಗೆದಿಟ್ಟು, ಸುತ್ತುವ ವೃತ್ತದ ಹೊರಗೆ ನಿಂತು ಅಂಚಿನ ಮೇಲೆ ಉಗುರಾಡಿಸಿ. ಸಿಕ್ಕಿಕೊಂಡರೆ ಮೆಕ್ಯಾನಿಕ್‌ನ ಕರೆಯಿರಿ. ಚೂಪು ಕಚ್ಚಿನ ತಳದಲ್ಲೇ ಒತ್ತಡ ಕೂಡಿ ಬಿರುಕು ಹುಟ್ಟುವುದು. ತುದಿ ಹಾರಿಹೋದರೆ ಅದುರಾಟಕ್ಕೆ ಎಂಜಿನ್ನೇ ತನ್ನನ್ನು ಹಿಡಿದಿಟ್ಟ ಚೌಕಟ್ಟಿನಿಂದ (ಮೌಂಟ್) ಕಿತ್ತು ಬರಬಹುದು.

ಇನ್ನೊಂದು ಉತ್ತರ: ಜೆಟ್ ವಿಮಾನಗಳ ಪಾಠವೂ ಬರುವುದಾದರೆ ‘ಸಡಿಲ’ ಪದದ ಮೇಲೆ ಕಣ್ಣಿಡಿ. ನಿಂತ ಎಂಜಿನ್ನಿನ ಫ್ಯಾನು ಗಾಳಿಗೆ ನಿಧಾನ ತಿರುಗುವಾಗ ಅಲಗುಗಳು ಕಟಕಟ ಎನ್ನುತ್ತವೆ. ಬುಡ ಕೂರುವ ತೋಡಿನಲ್ಲಿ ಅಷ್ಟು ಅಲುಗಾಟಕ್ಕೆ ಜಾಗ ಬಿಟ್ಟೇ ಕೂರಿಸಿರುತ್ತಾರೆ; ವೇಗ ಏರಿದಾಗ ಹೊರಮುಖ ಸೆಳೆತಕ್ಕೆ ತಾವೇ ಬಿಗಿಯುತ್ತವೆ. ಇದನ್ನು ‘ಸಡಿಲಗೊಂಡಿದೆ’ ಎಂದು ಬರೆದರೆ ದೋಷವೆಂದು ಓದಿಕೊಳ್ಳುತ್ತಾರೆ. ‘ಬಿಟ್ಟ ಸಂದು’ ಎನ್ನಿ.