ನಗೋಯಾದಿಂದ ಒಂದೇ ದಿನ, ಒಬ್ಬಳೇ: ಮಗೊಮೆ–ತ್ಸುಮಾಗೊ ಹೇಗೆ ನೋಡುವುದು?

ಮಲ್ಲೇಶ್ವರದ ಪಯಣಿಗ:

ಎಲ್ಲರಿಗೂ ನಮಸ್ಕಾರ. ನವೆಂಬರ್ ಮೂರನೇ ವಾರ ಆಫೀಸ್ ಕೆಲಸಕ್ಕೆ ನಗೋಯಾಕ್ಕೆ ಹೋಗುತ್ತಿದ್ದೇನೆ. ನಡುವೆ ಒಂದು ಶನಿವಾರ ಪೂರ್ತಿ ಬಿಡುವಿದೆ. ಕಿಸೊ ಕಣಿವೆಯ ಮಗೊಮೆ, ತ್ಸುಮಾಗೊ ಎರಡೂ ಹಳ್ಳಿ ನೋಡಿ, ನಡುವಿನ ಹಳೆಯ ಹೆದ್ದಾರಿಯನ್ನು ಕಾಲ್ನಡಿಗೆಯಲ್ಲಿ ದಾಟುವ ಆಸೆ. ಜೊತೆಗೆ ಯಾರೂ ಇಲ್ಲ, ಜಪಾನಿ ಭಾಷೆ ಬರುವುದಿಲ್ಲ. ಶುದ್ಧ ಸಸ್ಯಾಹಾರಿ, ಮೀನು ಬೇಯಿಸಿದ ನೀರೂ ಆಗುವುದಿಲ್ಲ. ಸ್ಕಂದಗಿರಿ, ಸಾವನದುರ್ಗ ಹತ್ತುವಷ್ಟು ಕಾಲಲ್ಲಿ ಶಕ್ತಿ ಇದೆ.

ಯಾವ ಊರಿಂದ ಶುರು ಮಾಡಿದರೆ ಒಳ್ಳೆಯದು? ಬೆಳಿಗ್ಗೆ ಎಷ್ಟಕ್ಕೆ ಹೊರಡಬೇಕು? ಸೂಟ್‌ಕೇಸ್ ಏನು ಮಾಡಲಿ? ಕರಡಿ ಇದೆ ಅಂತಾರೆ, ಒಬ್ಬಳೇ ನಡೆಯಬಹುದಾ? ಇನ್ನು ಕೆಲವರು ಇದನ್ನೆಲ್ಲ ಬಿಟ್ಟು ಶಿರಕಾವಾ-ಗೊಗೆ ಹೋಗು ಅನ್ನುತ್ತಿದ್ದಾರೆ. ತಿಳಿದವರು ಹೇಳಿ.

ನಗೋಯಾ ಕನ್ನಡಿಗ:

ಶಿರಕಾವಾ-ಗೊ ವಿಷಯ ಮೊದಲು ಮುಗಿಸಿಬಿಡೋಣ. ನಗೋಯಾದಿಂದ ಬಸ್ಸಿನಲ್ಲಿ ಒಂದು ಕಡೆಗೇ ಎರಡೂವರೆಯಿಂದ ಮೂರು ಗಂಟೆ. ಹೋಗಿ ಬರುವುದರಲ್ಲೇ ಹಗಲು ಕಳೆಯುತ್ತದೆ. ಆ ಹುಲ್ಲುಚಾವಣಿಯ ಮನೆಗಳನ್ನು ನೋಡಬೇಕೆಂದರೆ ತಕಾಯಾಮಾದಲ್ಲಿ ಒಂದು ರಾತ್ರಿ ಉಳಿದು ಹೋಗಿ, ಅಲ್ಲಿಂದ ಬಸ್ಸಿಗೆ 50 ನಿಮಿಷ ಸಾಕು. ಒಂದೇ ಶನಿವಾರವಿದ್ದರೆ ಕಿಸೊ ಕಣಿವೆಯೇ ಸರಿ.

ಮಗೊಮೆಯಿಂದ ಶುರು ಮಾಡಿ, ತ್ಸುಮಾಗೊದಲ್ಲಿ ಮುಗಿಸಿ. ಮಗೊಮೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ನಡುವಿನ ಕಣಿವೆದಾರಿಯ ನೆತ್ತಿ ಸುಮಾರು 800 ಮೀಟರ್, ತ್ಸುಮಾಗೊ 420 ಮೀಟರ್. ಮಗೊಮೆ ಕಡೆಯಿಂದ ಹೊರಟರೆ ಹತ್ತುವುದು 200 ಮೀಟರ್, ಅದೂ ಮೊದಲ ಎರಡು ಎರಡೂವರೆ ಕಿಲೋಮೀಟರಿನೊಳಗೇ ಮುಗಿಯುತ್ತದೆ. ಆಮೇಲೆಲ್ಲ ಇಳಿಜಾರು. ಆ ಕಡೆಯಿಂದ ಬಂದರೆ ಇದರ ಹೆಚ್ಚುಕಡಿಮೆ ಎರಡರಷ್ಟು ಹತ್ತಬೇಕು. ಒಟ್ಟು ದೂರ ಸುಮಾರು 8 ಕಿಲೋಮೀಟರ್. ನಿಂತು ನೋಡುತ್ತಾ ನಡೆದರೆ ಮೂರು ಗಂಟೆ.

ನಗೋಯಾದಿಂದ ನಕತ್ಸುಗಾವಾಕ್ಕೆ ಚುಓ ಲೈನಿನ ರೈಲು. ಶಿನಾನೊ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು 50 ನಿಮಿಷ, ಸೀಟನ್ನು ಮೊದಲೇ ಕಾದಿರಿಸಿ. ಹೆಚ್ಚುವರಿ ಎಕ್ಸ್‌ಪ್ರೆಸ್ ಶುಲ್ಕ ಬೇಡವೆಂದರೆ ಸಾಮಾನ್ಯ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆಯ ಮೇಲೆ. ನಿಲ್ದಾಣದ ಹೊರಗೇ ಮಗೊಮೆ ಬಸ್ ನಿಲ್ಲುತ್ತದೆ, ಅರ್ಧ ಗಂಟೆಯ ದಾರಿ. ಹತ್ತುವಾಗ ಬಾಗಿಲ ಬಳಿಯ ಪೆಟ್ಟಿಗೆಯಿಂದ ನಂಬರ್ ಇರುವ ಚೀಟಿ ಎಳೆದುಕೊಳ್ಳಬೇಕು. ಇಳಿಯುವಾಗ ಮುಂದಿನ ಫಲಕದಲ್ಲಿ ಆ ನಂಬರಿನ ಕೆಳಗೆ ಎಷ್ಟು ತೋರಿಸುತ್ತದೋ ಅಷ್ಟು ದುಡ್ಡನ್ನು ಚೀಟಿಯ ಜೊತೆ ಡ್ರೈವರ್ ಪಕ್ಕದ ಡಬ್ಬಿಗೆ ಹಾಕಬೇಕು. ಇಂಥ ಹಳ್ಳಿ ಬಸ್ಸುಗಳ ಚಿಲ್ಲರೆ ಯಂತ್ರ ಸಾಮಾನ್ಯವಾಗಿ 1000 ಯೆನ್ ನೋಟು ಮಾತ್ರ ನುಂಗುತ್ತದೆ. 10,000ದ ನೋಟು ಹಿಡಿದು ಹೋದವರು ಸಿಕ್ಕಿಬೀಳುವುದು ಇಲ್ಲೇ. ಹಿಂದಿನ ರಾತ್ರಿಯೇ ಕನ್ವೀನಿಯೆನ್ಸ್ ಅಂಗಡಿಯಲ್ಲಿ ಏನಾದರೂ ಕೊಂಡು ನೋಟು ಮುರಿಸಿಟ್ಟುಕೊಳ್ಳಿ. ಹಳ್ಳಿಗಳ ಸಣ್ಣ ಅಂಗಡಿಗಳಲ್ಲೂ ನಗದೇ ಭರವಸೆ.

ನಗೋಯಾದಲ್ಲಿ ಬೆಳಿಗ್ಗೆ 7ಕ್ಕೆ ಹೊರಟರೆ 9ರ ಹೊತ್ತಿಗೆ ಮಗೊಮೆಯಲ್ಲಿರುತ್ತೀರಿ. 10ಕ್ಕೆ ನಡಿಗೆ ಶುರು, 1 ಗಂಟೆಗೆ ತ್ಸುಮಾಗೊ, ಅಲ್ಲಿ ಮೂರು ಗಂಟೆ, 4ರ ಸುಮಾರಿಗೆ ನಗಿಸೊ ನಿಲ್ದಾಣದ ಬಸ್ಸು. ಇಡೀ ದಿನವನ್ನು ಹಿಂದಿನಿಂದ ಲೆಕ್ಕ ಹಾಕಿ. ತ್ಸುಮಾಗೊದಿಂದ ನಗಿಸೊಗೆ ಬಸ್ಸು ದಿನಕ್ಕೆ ಬೆರಳೆಣಿಕೆಯಷ್ಟೇ, ಪ್ರಯಾಣ ಹತ್ತೇ ನಿಮಿಷ. ನಗಿಸೊದಲ್ಲಿ ಶಿನಾನೊ ರೈಲುಗಳಲ್ಲಿ ಹೆಚ್ಚಿನವು ನಿಲ್ಲುವುದೇ ಇಲ್ಲ. ಲೋಕಲ್ ರೈಲು ತಪ್ಪಿದರೆ ಒಂದು ಗಂಟೆಗೂ ಹೆಚ್ಚು ಕಾಯಬೇಕಾದೀತು. ಮೊದಲು ರೈಲು ಆರಿಸಿ, ಅದಕ್ಕೆ ಹೊಂದುವ ಬಸ್ಸು ಆರಿಸಿ, ಎರಡನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಸ್ಸು ತಪ್ಪಿದರೆ ಗಾಬರಿ ಬೇಡ. ತ್ಸುಮಾಗೊದಿಂದ ನಗಿಸೊಗೆ ಅದೇ ಹಳೆಯ ದಾರಿಯಲ್ಲಿ ಮೂರೂವರೆ ಕಿಲೋಮೀಟರ್, ಒಂದು ಗಂಟೆಯ ನಡಿಗೆ, ಬೋರ್ಡುಗಳೂ ಇವೆ. ಆದರೆ ಬೆಳಕಿರುವಾಗ ಮಾತ್ರ. ನವೆಂಬರ್ ಕೊನೆಗೆ ನಾಲ್ಕೂಮುಕ್ಕಾಲರೊಳಗೆ ಸೂರ್ಯಾಸ್ತ, ಬೆಟ್ಟಗಳ ನಡುವೆ ಅದಕ್ಕೂ ಮೊದಲೇ ನೆರಳು ಕವಿಯುತ್ತದೆ.

ಸೂಟ್‌ಕೇಸ್: ಎರಡೂ ಹಳ್ಳಿಗಳ ಪ್ರವಾಸಿ ಮಾಹಿತಿ ಕೇಂದ್ರಗಳ ನಡುವೆ ಸಾಮಾನು ಸಾಗಿಸುವ ಸೇವೆ ಇದೆ. ಬೆಳಿಗ್ಗೆ 11.30ರೊಳಗೆ ಕೊಟ್ಟರೆ ಮಧ್ಯಾಹ್ನ 1ರ ನಂತರ ಆ ಕಡೆ ಸಿಗುತ್ತದೆ, 5ರೊಳಗೆ ಬಿಡಿಸಿಕೊಳ್ಳಬೇಕು. ಚಳಿಗಾಲದಲ್ಲಿ ಇರುವುದಿಲ್ಲ, ನವೆಂಬರಿನಲ್ಲಿ ಇರುತ್ತದೆ. ನೀವು ಅದೇ ಸಂಜೆ ನಗೋಯಾಕ್ಕೆ ಮರಳುವುದಾದರೆ ಇದರ ಗೊಡವೆಯೇ ಬೇಡ. ಪೆಟ್ಟಿಗೆಯನ್ನು ಹೋಟೆಲಿನಲ್ಲೇ ಬಿಟ್ಟು ಬೆನ್ನುಚೀಲ ಹಾಕಿಕೊಂಡು ಬನ್ನಿ.

ಚಾರಣಪ್ರಿಯ:

ದಾರಿಯ ಬಗ್ಗೆ ನಾನು ಹೇಳುತ್ತೇನೆ. ಇದು ನಕಾಸೆಂದೊ. ಎದೊ, ಅಂದರೆ ಇಂದಿನ ಟೋಕಿಯೊದಿಂದ ಕ್ಯೋಟೊಗೆ ಬೆಟ್ಟಗಳ ನಡುವೆ ಹಾಯುತ್ತಿದ್ದ ಹೆದ್ದಾರಿ. ಅದರಲ್ಲಿ 69 ತಂಗುದಾಣಗಳು, ಎದೊ ಕಡೆಯಿಂದ ಎಣಿಸಿದರೆ ತ್ಸುಮಾಗೊ 42ನೆಯದು, ಮಗೊಮೆ 43ನೆಯದು.

ಬಸ್ಸು ಇಳಿಸುವುದು ಮಗೊಮೆಯ ಬುಡದಲ್ಲಿ. ಅಲ್ಲಿಂದ ಕಲ್ಲು ಹಾಸಿದ ಬೀದಿ ಸುಮಾರು 600 ಮೀಟರ್ ನೇರ ಏರು. ಬೀದಿಯ ತುದಿಯಲ್ಲಿ ಹಿಂದಿನ ಕಾಲದ ಸರ್ಕಾರಿ ಆಜ್ಞೆಗಳ ಫಲಕವಿದೆ. ಅದನ್ನು ದಾಟಿ ಸ್ವಲ್ಪ ಮೇಲೆ ವೀಕ್ಷಣಾ ಸ್ಥಳ, ಎದುರಿಗೆ 2191 ಮೀಟರಿನ ಎನಾ ಬೆಟ್ಟ. ಮೋಡ ಕವಿಯುವ ಮೊದಲು, ಬೆಳಿಗ್ಗೆಯೇ ಅದನ್ನು ನೋಡಿಬಿಡಿ.

ಅಲ್ಲಿಂದ ಹಳೆಯ ದಾರಿ ಡಾಂಬರು ರಸ್ತೆಯನ್ನು ಮತ್ತೆ ಮತ್ತೆ ಅಡ್ಡ ದಾಟುತ್ತದೆ. ದಾರಿ ತಪ್ಪುವುದಿದ್ದರೆ ಇಂಥ ಕಡೆಯೇ: ರಸ್ತೆ ಸಿಕ್ಕಿತೆಂದು ಅದನ್ನೇ ಹಿಡಿದು ಹೋಗಿಬಿಡುತ್ತಾರೆ. ರಸ್ತೆಗೆ ಬಂದ ಕೂಡಲೇ ನಿಂತು, ಆಚೆ ಬದಿಯಲ್ಲಿ ಮರದ ಬೋರ್ಡು ಎಲ್ಲಿದೆ ಎಂದು ಹುಡುಕಿ. ಇಂಗ್ಲಿಷಿನಲ್ಲೂ ಬರೆದಿರುತ್ತಾರೆ. ನೆತ್ತಿಯಲ್ಲಿ ಸಣ್ಣ ಚಹಾ ಅಂಗಡಿ ಬಿಟ್ಟರೆ ನೋಟವೇನೂ ಇಲ್ಲ, ಅಲ್ಲಿ ಹೆಚ್ಚು ಕೂರುವ ಅಗತ್ಯವಿಲ್ಲ. ಅದಕ್ಕಿಂತ ಕೆಳಗೆ ಇಚಿಕೊಕುತೋಚಿ ಎಂಬಲ್ಲಿ ಹಳೆಯ ವಿಶ್ರಾಂತಿ ಮನೆ ಸಿಗುತ್ತದೆ. ಒಳಗೆ ನೆಲದ ಒಲೆಯಲ್ಲಿ ಬೆಂಕಿ, ನಡೆದು ಬಂದವರಿಗೆಲ್ಲ ಚಹಾ. ದರ ಇಲ್ಲ, ಕಾಣಿಕೆ ಪೆಟ್ಟಿಗೆ ಇದೆ, ದಯವಿಟ್ಟು ಹಾಕಿ. ಕೂತು ಕಾಲು ಚಾಚಲು ಇಡೀ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇನ್ನೂ ಕೆಳಗೆ ಓದಾಕಿ, ಮೆದಾಕಿ ಎಂಬ ಜೋಡಿ ಜಲಪಾತ, ದಾರಿಯಿಂದ ಕೆಲವೇ ಹೆಜ್ಜೆ. ನಮ್ಮ ಮಲೆನಾಡು ನೋಡಿದವರಿಗೆ ನೀರು ಕಡಿಮೆ ಅನ್ನಿಸಬಹುದು. ಆದರೂ ಬಿಡಬೇಡಿ, ಸುತ್ತಲಿನ ಕಾಡೇ ಚೆಂದ. ಆಮೇಲೆ ಓ-ತ್ಸುಮಾಗೊ ಎಂಬ ಪುಟ್ಟ ಕೇರಿ, ಅದು ದಾಟಿದರೆ ತ್ಸುಮಾಗೊ.

ಕರಡಿ: ಇದೆ, ಎದೆಯ ಮೇಲೆ ಬಿಳಿ ಅರ್ಧಚಂದ್ರವಿರುವ ಏಷ್ಯಾದ ಕಪ್ಪು ಕರಡಿ. ಚಳಿನಿದ್ದೆಗೆ ಮುನ್ನ ಹೊಟ್ಟೆ ತುಂಬಿಸಿಕೊಳ್ಳಲು ಶರತ್ಕಾಲದಲ್ಲಿ ಹೆಚ್ಚು ಓಡಾಡುತ್ತದೆ. ಅಪಾಯ ಬರುವುದು ಮನುಷ್ಯ ಸದ್ದಿಲ್ಲದೆ ಹತ್ತಿರ ಹೋಗಿ ಅದನ್ನು ಬೆಚ್ಚಿಬೀಳಿಸಿದಾಗ. ಅದಕ್ಕೇ ದಾರಿಯುದ್ದಕ್ಕೂ ಕಂಬಗಳಿಗೆ ಗಂಟೆ ಕಟ್ಟಿದ್ದಾರೆ. ಪ್ರತಿಯೊಂದನ್ನೂ ಗಟ್ಟಿಯಾಗಿ ಬಾರಿಸಿ. ಚೀಲಕ್ಕೆ ಕಟ್ಟುವ ಗಂಟೆ ಮಾಹಿತಿ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆ, ಒಬ್ಬರೇ ಹೋಗುವವರು ಅದನ್ನು ತೆಗೆದುಕೊಳ್ಳಲೇಬೇಕು. ಎರಡೂ ಕಿವಿಗೆ ಇಯರ್‌ಫೋನ್ ಬೇಡ. ಮುಂಜಾನೆ, ಮುಸ್ಸಂಜೆ ಕಾಡಿನೊಳಗೆ ಇರಬೇಡಿ. ಶನಿವಾರ ಹಗಲು ಈ ದಾರಿಯಲ್ಲಿ ಹಿಂದೆ ಮುಂದೆ ಜನ ಇದ್ದೇ ಇರುತ್ತಾರೆ. ಹೆಣ್ಣುಮಗಳು ಒಬ್ಬಳೇ ನಡೆಯುವುದು ಇಲ್ಲಿ ಮಾಮೂಲು.

ಶೂ ಮಾತ್ರ ಹಿಡಿತ ಇರುವಂಥದ್ದೇ ಬೇಕು. ಕಲ್ಲುಹಾಸಿನ ಮೇಲೆ ಪಾಚಿ, ಅದರ ಮೇಲೆ ಉದುರಿದ ಎಲೆ, ಅದರ ಮೇಲೆ ಇಬ್ಬನಿ. ಬೀಳುವುದು ಏರಿನಲ್ಲಲ್ಲ, ಇಳಿಯುವಾಗ. ಬೆಳಿಗ್ಗೆ 5 ಡಿಗ್ರಿಯ ಆಸುಪಾಸು ಇರಬಹುದು, ಹತ್ತುವಾಗ ಬೆವರು ಬರುತ್ತದೆ. ದಪ್ಪ ಜಾಕೆಟ್ ಒಂದರ ಬದಲು ತೆಳುವಾದ ಮೂರು ಪದರ ಹಾಕಿಕೊಳ್ಳಿ.

ಪುಳಿಯೋಗರೆ:

ಊಟದ ವಿಷಯದಲ್ಲಿ ಯಾರೂ ಸುಳ್ಳು ಭರವಸೆ ಕೊಡಬಾರದು. ಈ ಕಣಿವೆಯ ಮುಖ್ಯ ಊಟ ಸೋಬಾ, ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನ ಶಾವಿಗೆ. ಶಾವಿಗೆಯಲ್ಲಿ ಮೀನಿಲ್ಲ, ಸಾರಿನಲ್ಲಿ ಇದೆ: ಒಣಗಿಸಿದ ಕತ್ಸುಓ ಮೀನಿನ ಕಷಾಯ (ದಾಶಿ). ತಣ್ಣನೆಯ ಸೋಬಾ ಜೊತೆ ಕೊಡುವ ಅದ್ದುವ ರಸದಲ್ಲೂ ಅದೇ. ತರಕಾರಿ ತೆಂಪುರಾ ಕೇಳಿದರೂ ಸಿಗಡಿ ಕರಿದ ಎಣ್ಣೆಯೇ ಇರಬಹುದು. "ವೆಜಿಟೇರಿಯನ್" ಎಂದರೆ ಮಾಂಸ ಮಾತ್ರ ಬಿಟ್ಟು ತಂದಿಡುವುದುಂಟು. ಆದ್ದರಿಂದ ಫೋನಿನಲ್ಲಿ ಜಪಾನಿ ಲಿಪಿಯಲ್ಲೇ ಒಂದು ವಾಕ್ಯ ಬರೆದಿಟ್ಟುಕೊಂಡು ತೋರಿಸಿ: ಮಾಂಸ, ಮೀನು, ಮೊಟ್ಟೆ, ಕತ್ಸುಓ ದಾಶಿ ಯಾವುದೂ ಬೇಡ. "ದಾಶಿ" ಎಂಬ ಪದ ಇರಲೇಬೇಕು, ಇಲ್ಲದಿದ್ದರೆ ಸಾರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ತಿನ್ನಬಹುದಾದದ್ದೂ ಇದೆ, ಚೆನ್ನಾಗಿಯೂ ಇದೆ. ಗೊಹೆಯ್ ಮೊಚಿ: ಬೆಂದ ಅನ್ನವನ್ನು ಅರೆಬರೆ ಜಜ್ಜಿ, ಕಡ್ಡಿಗೆ ಮೆತ್ತಿ, ಸೋಯಾ ಅಥವಾ ಮಿಸೊ, ಸಕ್ಕರೆ, ಅಕ್ರೋಟು, ಎಳ್ಳಿನ ಗೊಜ್ಜು ಬಳಿದು ಸುಡುತ್ತಾರೆ. ಸಾಮಾನ್ಯವಾಗಿ ಮೀನಿರುವುದಿಲ್ಲ, ಆದರೂ ಗೊಜ್ಜಿಗೆ ದಾಶಿ ಹಾಕಿದ್ದೀರಾ ಎಂದು ಕೇಳಿ. ಕುರಿ ಕಿಂತೊನ್: ಬೇಯಿಸಿದ ಚೆಸ್ಟ್‌ನಟ್ ಮತ್ತು ಸಕ್ಕರೆ, ಬೇರೇನೂ ಇಲ್ಲ. ಹೊಸ ಫಸಲು ಬರುವ ಶರತ್ಕಾಲದ ಸಿಹಿ, ನಕತ್ಸುಗಾವಾ ಅದಕ್ಕೇ ಹೆಸರಾದ ಊರು. ನೀವು ಹೋಗುವುದು ಸರಿಯಾದ ಕಾಲ, ಬಿಡಬೇಡಿ. ಸುಂಕಿ ಎಂಬ ಉಪ್ಪಿನಕಾಯಿ ಕಿಸೊದ್ದೇ: ಕೆಂಪು ಟರ್ನಿಪ್ ಗಿಡದ ಸೊಪ್ಪನ್ನು ಉಪ್ಪೇ ಹಾಕದೆ ಹುಳಿ ಬರಿಸಿದ್ದು. ಬರೀ ಸುಂಕಿ ತಿನ್ನಬಹುದು, ಸುಂಕಿ ಸೋಬಾ ಬೇಡ.

ಹೊಟ್ಟೆ ತುಂಬಲು ಮಾತ್ರ ಬುತ್ತಿ ಕಟ್ಟಿಕೊಂಡೇ ಹೋಗಿ. ಕನ್ವೀನಿಯೆನ್ಸ್ ಅಂಗಡಿ ಅಥವಾ ಸೂಪರ್‌ಮಾರ್ಕೆಟಿನಲ್ಲಿ 200 ಗ್ರಾಂ ಬಿಳಿ ಅನ್ನದ ಪ್ಯಾಕ್ ಸಿಗುತ್ತದೆ, ಮೈಕ್ರೋವೇವಿನಲ್ಲಿ ಎರಡು ನಿಮಿಷ. ಬಿಸಿ ಇರುವಾಗಲೇ ಎರಡು ಚಮಚ ಪುಳಿಯೋಗರೆ ಗೊಜ್ಜು, ಒಂದು ಚಮಚ ಎಣ್ಣೆ ಸೇರಿಸಿ ಕಲಸಿ. ಜಪಾನಿ ಅಕ್ಕಿ ಅಂಟು ಜಾಸ್ತಿ, ಆರಿದ ಮೇಲೆ ಗಟ್ಟಿಯಾಗಿ ಗೊಜ್ಜು ಹಿಡಿಯುವುದಿಲ್ಲ. ಗೊಜ್ಜು ಊರಿಂದ ತರಬಹುದು. ಹಸಿ ಕರಿಬೇವು, ಹಸಿಮೆಣಸಿನಕಾಯಿ ತರಬೇಡಿ, ಸಸ್ಯ ತಪಾಸಣೆ ಪ್ರಮಾಣಪತ್ರವಿಲ್ಲದ ಹಸಿ ತರಕಾರಿಯನ್ನು ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ಅಂಗಡಿಯ ಒನಿಗಿರಿಯಲ್ಲಿ (ಅನ್ನದ ಉಂಡೆ) ಕೊಂಬು (ಕಡಲಪಾಚಿ), ಉಮೆ (ಹುಳಿ ಹಣ್ಣು) ಎಂದಿದ್ದರೂ ಕತ್ಸುಓ ಸತ್ವ ಇರಬಹುದು. ಬರೀ ಉಪ್ಪಿನದೇ ಸಿಕ್ಕರೂ ಲೇಬಲ್ ಓದಿಸಿ ನೋಡಿ.

ಹಳೆಮನೆ:

ಮೇಲಿನವರ ವೇಳಾಪಟ್ಟಿಗೆ ಒಂದು ತಿದ್ದುಪಡಿ. ಮಗೊಮೆಗೆ ಒಂದು ಗಂಟೆ ಕೊಡುವ ಬದಲು ಮುಕ್ಕಾಲು ಗಂಟೆ ಕೊಟ್ಟು, ಉಳಿದದ್ದನ್ನು ತ್ಸುಮಾಗೊಗೆ ಸೇರಿಸಿ. ಮಗೊಮೆ 1895ರ ಬೆಂಕಿಯಲ್ಲಿ ಬಹುಪಾಲು ಸುಟ್ಟು, ಆಮೇಲೆ ಮತ್ತೆ ಕಟ್ಟಿದ್ದು. ಸುಂದರವಾಗಿದೆ, ಬರಹಗಾರ ಶಿಮಝಾಕಿ ತೋಸೊನ್ ಹುಟ್ಟಿದ ಮನೆಯ ಜಾಗದಲ್ಲಿ ಅವರ ಸ್ಮಾರಕ ಸಂಗ್ರಹಾಲಯವೂ ಇದೆ. ಆದರೆ ಹಳೆಯ ಮನೆಗಳನ್ನು ನೋಡಬೇಕಾದ ಊರು ತ್ಸುಮಾಗೊ.

ರೈಲು ಬಂದು ಹೆದ್ದಾರಿಗೆ ಕೆಲಸವಿಲ್ಲದಂತಾದಾಗ ತ್ಸುಮಾಗೊ ಬಡವಾಯಿತು, ಯಾರ ಕೈಯಲ್ಲೂ ಹೊಸದಾಗಿ ಕಟ್ಟಿಸಲು ದುಡ್ಡಿರಲಿಲ್ಲ. ಆದ್ದರಿಂದಲೇ ಮನೆಗಳು ಉಳಿದವು. 1968ರಲ್ಲಿ ದುರಸ್ತಿ ಶುರುವಾಯಿತು. 1971ರಲ್ಲಿ ಊರವರೇ ಒಂದು ಸನ್ನದು ಮಾಡಿಕೊಂಡರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. 1976ರಲ್ಲಿ ಸರ್ಕಾರ ಮೊದಲ ಸುತ್ತಿನಲ್ಲೇ ಇದನ್ನು ಸಂರಕ್ಷಿತ ಪ್ರದೇಶವೆಂದು ಆರಿಸಿತು. ಮುಖ್ಯ ಬೀದಿಯಲ್ಲಿ ವಿದ್ಯುತ್ ತಂತಿ ಕಾಣಿಸುವುದಿಲ್ಲ, ಹಗಲು 10ರಿಂದ 4ರವರೆಗೆ ವಾಹನ ಬರುವಂತಿಲ್ಲ.

ವಕಿ-ಹೊಂಜಿನ್ ಒಕುಯಾ ತಪ್ಪಿಸಬೇಡಿ. ದೊಡ್ಡ ಅಧಿಕಾರಿಗಳ ತಂಗುಮನೆಗೆ (ಹೊಂಜಿನ್) ಎರಡನೆಯ ಸಾಲಿನ ವ್ಯವಸ್ಥೆ ಇದು. ಈಗಿನ ಕಟ್ಟಡ 1877ರದ್ದು, ಪೂರ್ತಿ ಹಿನೊಕಿ ಮರ. ಎದೊ ಕಾಲದಲ್ಲಿ (1603–1868) ಓವಾರಿ ಸಂಸ್ಥಾನ ಕಿಸೊದ ಹಿನೊಕಿ ಸೇರಿದಂತೆ ಐದು ಜಾತಿಯ ಮರ ಕಡಿಯುವುದನ್ನು ನಿಷೇಧಿಸಿತ್ತು, ಮರವೊಂದಕ್ಕೆ ತಲೆಯೊಂದು ಎನ್ನುವಷ್ಟು ಕಠಿಣ. ನಿಷೇಧ ಹೋದ ಮೇಲೆ ಕಟ್ಟಿದ ಮನೆ ಎಂಬುದನ್ನು ತಿಳಿದು ಕಂಬ, ತೊಲೆ ನೋಡಿದರೆ ಮನೆಯವರ ಆಸೆ ಎಷ್ಟಿತ್ತೆಂದು ಅರ್ಥವಾಗುತ್ತದೆ. ಒಲೆಯ ಹೊಗೆ ಹಿಡಿದು ಕಪ್ಪಾದ ಮರ, ಅದನ್ನು ದಿನವೂ ಒರೆಸುತ್ತಾ ಬಂದ ಹೊಳಪು. ಬಿಸಿಲು ತಗ್ಗಿರುವ ಈ ತಿಂಗಳುಗಳಲ್ಲಿ ಕಿಟಕಿಯ ಸರಳುಗಳ ನಡುವಿಂದ ಬೆಳಕು ಪಟ್ಟೆಪಟ್ಟೆಯಾಗಿ ಒಲೆಯವರೆಗೂ ಬರುತ್ತದೆ. ಬಿಸಿಲಿದ್ದರೆ ಊರಿಗೆ ಬಂದ ಕೂಡಲೇ ಮೊದಲು ಇಲ್ಲಿಗೇ ಹೋಗಿ. ಇದು, ಹೊಂಜಿನ್, ಇತಿಹಾಸ ಸಂಗ್ರಹಾಲಯ ಮೂರಕ್ಕೂ ಸೇರಿ ಒಂದು ಟಿಕೆಟ್ ಇದೆ, ಅದನ್ನೇ ಕೊಳ್ಳಿ.

ಆಮೇಲೆ ತೆರಾಶಿತಾ ಕೇರಿಗೆ ಬನ್ನಿ, ಮೊದಲು ದುರಸ್ತಿಯಾದ ಭಾಗ ಅದೇ. ಮೇಲಂತಸ್ತು ಕೆಳಗಿನದಕ್ಕಿಂತ ಬೀದಿಯ ಕಡೆ ಚಾಚಿಕೊಂಡಿರುವುದನ್ನು ಗಮನಿಸಿ. ರಸ್ತೆ ಒಂದೆಡೆ ಬೇಕೆಂದೇ ಲಂಬಕೋನದಲ್ಲಿ ಎರಡು ಸಲ ತಿರುಗುತ್ತದೆ, ಶತ್ರು ಒಮ್ಮೆಗೇ ನುಗ್ಗದಿರಲಿ ಎಂದು. ಪಕ್ಕದ ಕಾಮಿ-ಸಾಗಾಯಾ ಬಡ ಪ್ರಯಾಣಿಕರ ತಂಗುಮನೆ. ಒಕುಯಾ ನೋಡಿದ ಮೇಲೆ ಇದನ್ನೂ ನೋಡಿದರೆ ಮೇಲುಕೀಳಿನ ಅಂತರ ಕಣ್ಣಿಗೆ ಕಟ್ಟುತ್ತದೆ. ಫಲಕವಿಲ್ಲದ ಬಾಗಿಲು ಎಂದರೆ ಅದು ಯಾರದೋ ವಾಸದ ಮನೆ, ಇಣುಕಬೇಡಿ. ಕಸದ ಡಬ್ಬಿ ಹುಡುಕಬೇಡಿ, ಬುತ್ತಿಯ ಕಸ ನಿಮ್ಮ ಚೀಲದಲ್ಲೇ ವಾಪಸ್ ಬರಲಿ.

ನವೆಂಬರ್ 23ಕ್ಕೆ ತ್ಸುಮಾಗೊದಲ್ಲಿ ಎದೊ ಕಾಲದ ಪ್ರಯಾಣಿಕರ ವೇಷದ ಮೆರವಣಿಗೆ ಇರುತ್ತದೆ. ನಿಮ್ಮ ದಿನ ಅದಕ್ಕೆ ಕೂಡಿಬಂದರೆ ನೋಡಲು ಸೊಗಸು, ಆದರೆ ಬಸ್ಸು ತುಂಬಿರುತ್ತದೆ.

ಮಲ್ಲೇಶ್ವರದ ಪಯಣಿಗ:

ಎಲ್ಲರಿಗೂ ತುಂಬಾ ಧನ್ಯವಾದ. ಎರಡೇ ಸಂದೇಹ ಉಳಿದಿವೆ. ಮಳೆ ಬಂದರೆ? ಭಾನುವಾರವೂ ಬಿಡುವು ಸಿಕ್ಕಿದರೆ ಅಲ್ಲೇ ಒಂದು ರಾತ್ರಿ ಉಳಿಯಬಹುದಾ?

ನಗೋಯಾ ಕನ್ನಡಿಗ:

ತುಂತುರು ಮಳೆಗೆ ನಿಲ್ಲಬೇಡಿ, ಕೊಡೆ ಬಿಟ್ಟು ರೇನ್‌ಕೋಟ್ ಹಾಕಿ, ಎರಡೂ ಕೈ ಖಾಲಿ ಇರಲಿ. ಜೋರು ಮಳೆಯಾದರೆ ಕಣಿವೆದಾರಿ ಬಿಡಿ. ಮಗೊಮೆಯಿಂದ ತ್ಸುಮಾಗೊ ಮೂಲಕ ನಗಿಸೊಗೆ ಹೋಗುವ ಬಸ್ಸಿದೆ, ಅದರಲ್ಲಿ ತ್ಸುಮಾಗೊಗೆ ಹೋಗಿ ಮನೆಗಳ ಒಳಗೇ ಹೆಚ್ಚು ಹೊತ್ತು ಕಳೆಯಿರಿ. ನೆತ್ತಿಯವರೆಗೆ ಬಸ್ಸಿನಲ್ಲಿ ಹೋಗಿ ಇಳಿಜಾರು ಮಾತ್ರ ನಡೆಯೋಣ ಎನ್ನುವವರಿದ್ದಾರೆ. ಮಳೆಯಲ್ಲಿ ಜಾರುವ ಭಾಗವೇ ಅದು, ಹಾಗೆ ಮಾಡಬೇಡಿ.

ಉಳಿಯುವುದಾದರೆ ತ್ಸುಮಾಗೊ ಅಥವಾ ಓ-ತ್ಸುಮಾಗೊದ ಮಿನ್ಶುಕುಗಳು, ಅಂದರೆ ಮನೆಯವರೇ ನಡೆಸುವ ತಂಗುಮನೆಗಳು. ಹಾಗೇ ಹೋಗಿ ಬಾಗಿಲು ತಟ್ಟಿದರೆ ಜಾಗ ಸಿಗುವುದು ಕಷ್ಟ. ನವೆಂಬರಿನ ಶನಿವಾರಕ್ಕೆ ಈಗಲೇ ಬರೆಯಿರಿ, ಕೆಲವರು ಆ ದಿನಗಳಲ್ಲಿ ಒಬ್ಬರಿಗೆ ಕೋಣೆ ಕೊಡುವುದಿಲ್ಲ. ರಾತ್ರಿ ಊಟ 6ರ ಸುಮಾರಿಗೆ, 5ರೊಳಗೆ ತಲುಪಬೇಕು. ದಾಶಿ ವಿಷಯ ಕಾದಿರಿಸುವಾಗಲೇ ಬರೆಯಬೇಕು, ಅಡುಗೆ ಬೆಳಿಗ್ಗೆಯಿಂದ ನಡೆದಿರುತ್ತದೆ, ಬಂದ ಮೇಲೆ ಹೇಳಿದರೆ ಅವರಿಗೂ ಸಂಕಟ. ಆಗುವುದಿಲ್ಲ ಎಂದರೆ ಊಟವಿಲ್ಲದೆ ಕೋಣೆ ಮಾತ್ರ ಕೇಳಿ, ಬುತ್ತಿ ಇಟ್ಟುಕೊಳ್ಳಿ, ಏಕೆಂದರೆ 5 ಗಂಟೆಯ ನಂತರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಸೂಟ್‌ಕೇಸ್ ಸಾಗಿಸುವ ಸೇವೆ ಉಪಯೋಗಕ್ಕೆ ಬರುವುದು ಆಗ. ಶನಿವಾರ ಬೆಳಿಗ್ಗೆ ಮಗೊಮೆಯಲ್ಲಿ ಕೊಡಿ, ನಡೆದು ಬಂದು 5ರೊಳಗೆ ತ್ಸುಮಾಗೊ ಕೇಂದ್ರದಲ್ಲಿ ಬಿಡಿಸಿಕೊಳ್ಳಿ.